ಎಲುಬಾಗಬೇಕಾದ ಹರಳು

ಕೇರಳದ ಗಡಿಯೂರು ಕುಂಜತ್ತೂರಿನ ಅಮ್ಮು ಹತ್ತನೆಯ ವಯಸ್ಸಿನಿಂದ ಮೂವತ್ತೈದು ದಾಟುವವರೆಗೆ ಬೀಡಿ ಕಟ್ಟಿದವಳು. ಮೊರವನ್ನು ಮಡಿಲಲ್ಲಿಟ್ಟುಕೊಂಡು, ಬೆನ್ನು ಬಾಗಿಸಿ, ಎಲೆಗೆ ಹೊಗೆಸೊಪ್ಪು ತುಂಬಿ ನೂಲು ಸುತ್ತುತ್ತ ಕೂತರೆ ಸಂಜೆ ಏಳುವಾಗ ಸೊಂಟ ತನ್ನದಲ್ಲವೆನ್ನಿಸುತ್ತಿತ್ತು. ತಾಯಿ ಹಾಗೆಯೇ ಕೂತು ಮುದುಕಿಯಾಗಿದ್ದಳು, ತಾನೂ ಹಾಗೆಯೇ ಆಗುವವಳು ಎಂದುಕೊಂಡಿದ್ದಳು. 2012ರಲ್ಲಿ ಹೆಂಗಸರ ಕುಟುಂಬಶ್ರೀ ಸಂಘದ ಸಭೆಗೆ ಕೃಷಿಭವನದಿಂದ ಬಂದವರೊಬ್ಬರು, ಹೆಂಗಸರಿಗೂ ತೆಂಗಿನ ಮರ ಹತ್ತುವ ತರಬೇತಿ ಉಂಟು, ಆರು ದಿನದ್ದು, ಕೊನೆಗೆ ಮೆಷಿನ್ ಮನೆಗೇ ಕೊಡುತ್ತೇವೆ ಎಂದರು. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಅಮ್ಮು ಹೆಸರು ಕೊಟ್ಟಳು. ಅವಳು ಕೊಟ್ಟದ್ದು ನೋಡಿ ನೆರೆಮನೆಯ ಗುಲಾಬಿಯೂ ಕೊಟ್ಟಳು.

ಮೆಷಿನ್ ಎಂದರೆ ದೊಡ್ಡದೇನಲ್ಲ. ಕಬ್ಬಿಣದ ಎರಡು ಚೌಕಟ್ಟು, ಒಂದೊಂದಕ್ಕೂ ಮರವನ್ನು ಸುತ್ತುವ ಉಕ್ಕಿನ ಹಗ್ಗ, ಪಾದ ಊರಲು ಒಂದೊಂದು ಮೆಟ್ಟು. ಬಲಗಾಲಿನ ಮೇಲೆ ಭಾರ ಬಿಟ್ಟರೆ ಬಲದ ಹಗ್ಗ ಮರವನ್ನು ಬಿಗಿದು ಹಿಡಿಯುತ್ತದೆ. ಆಗ ಎಡದ್ದನ್ನು ಸಡಿಲಿಸಿ ಮೇಲೆತ್ತಬೇಕು. ಮತ್ತೆ ಎಡದ ಮೇಲೆ ನಿಂತು ಬಲದ್ದನ್ನು ಎತ್ತಬೇಕು. ಹೀಗೆ ಒಂದು ಮರಕ್ಕೆ ನಲವತ್ತೈವತ್ತು ಸಲ ಇಡೀ ಮೈ ಒಂದೇ ಕಾಲಿನ ಮೇಲೆ ನಿಲ್ಲಬೇಕು. ಮೊದಲ ದಿನ ಅರ್ಧದಲ್ಲಿ ಅಮ್ಮುವಿನ ತೊಡೆ ನಡುಗಿತು. ನಾಲ್ಕನೆಯ ದಿನ ತುದಿ ಮುಟ್ಟಿದಳು. ಮಡಲುಗಳ ನಡುವಿನಿಂದ ಸಮುದ್ರ ಕಂಡಿತು. ಅಷ್ಟು ವರ್ಷ ಅರ್ಧ ಮೈಲಿ ದೂರದಲ್ಲಿ ಇದ್ದುಕೊಂಡು, ಅದನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು.

ಆಮೇಲೆ ಎರಡು ವರ್ಷ ಅವಳೂ ಗುಲಾಬಿಯೂ ಮೆಷಿನ್ ಗೋಣಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದೇ ಹತ್ತಿದ್ದು. ಮಂಜೇಶ್ವರ, ಉಪ್ಪಳ, ಒಮ್ಮೊಮ್ಮೆ ಬದಿಯಡ್ಕದ ಆಚೆಗೂ ಕರೆ ಬರುತ್ತಿತ್ತು. ಕಾಯಿ ತೆಗೆಯಲು ಗಂಡಸರು ಸಿಗದ ಕಾಲ. ಅಮ್ಮುವಿನ ಗಂಡ ಉಗ್ಗಪ್ಪ ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಮಾತು ಕಡಿಮೆ. ಹೆಂಡತಿ ಮರ ಹತ್ತುವುದನ್ನು ಅವನು ಒಮ್ಮೆಯೂ ನಿಂತು ನೋಡಿದವನಲ್ಲ, ಬೇಡ ಎಂದವನೂ ಅಲ್ಲ.

2014ರ ಫೆಬ್ರವರಿಯಲ್ಲಿ ನೆಕ್ರಾಜೆಯ ಒಂದು ಮನೆಯ ಹಿತ್ತಿಲಲ್ಲಿ ಇಳಿಯುತ್ತಿದ್ದಾಗ ಅವಳ ಬಲಗಾಲು, ಮೊಣಕಾಲಿನ ಕೆಳಗೆ, ಒಳಗಿನಿಂದ ಒಮ್ಮೆ ಹಲ್ಲುನೋವಿನ ಹಾಗೆ ಜಗ್ಗಿತು. ಉಳುಕಿರಬೇಕು ಎಂದು ಎಣ್ಣೆ ತಿಕ್ಕಿಸಿಕೊಂಡಳು. ಉಳುಕಾದರೆ ನಡೆದಾಗ ನೋಯಬೇಕು, ಮಲಗಿದಾಗ ಕಡಿಮೆಯಾಗಬೇಕು. ಇದು ತಿರುಗುಮುರುಗು. ಕೆಲಸದಲ್ಲಿದ್ದಾಗ ಮರೆಯುತ್ತಿತ್ತು, ಚಾಪೆಯ ಮೇಲೆ ಕಾಲು ಚಾಚಿದರೆ ಶುರುವಾಗುತ್ತಿತ್ತು. ಮಳೆಗಾಲ ಬಂದು ಮರದ ಕೆಲಸ ನಿಂತಿತು, ನೋವು ನಿಲ್ಲಲಿಲ್ಲ. ಆಗಸ್ಟ್ ಹೊತ್ತಿಗೆ ಮೊಣಕಾಲಿನ ಕೆಳಗೆ ಒಂದು ಬದಿ ಬೆರಳಿಗೆ ತಾಗುವಷ್ಟು ಉಬ್ಬಿತು.

ಮಂಗಳೂರಿನಲ್ಲಿ ಹರಿನಾರಾಯಣ ಎಂಬ ವಯಸ್ಸಾದ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿದರು, ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಹೋದಾಗ ಅಮ್ಮುವನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಉಗ್ಗಪ್ಪನನ್ನು ಮಾತ್ರ ಒಳಗೆ ಕರೆದರು. ಬಾಗಿಲಿನ ಗಾಜಿನಲ್ಲಿ ಗಂಡನ ಬೆನ್ನು ಕಾಣುತ್ತಿತ್ತು. ಅವನು ನೇರ ಕೂತಿದ್ದವನು ಮೆಲ್ಲ ಮುಂದಕ್ಕೆ ಬಾಗಿದ. ಹೊರಗೆ ಬಂದವನು ಹೇಳಿದ್ದು ಇಷ್ಟೇ: "ಒಂದು ಗಡ್ಡೆ ಉಂಟಂತೆ. ತೆಗಿಬೇಕಂತೆ. ಅದಕ್ಕೆ ತೆಂಕಿನಲ್ಲಿ ದೊಡ್ಡ ಆಸ್ಪತ್ರೆ ಉಂಟು, ಇವರು ಕಾಗದ ಕೊಟ್ಟಿದ್ದಾರೆ."

"ಇಲ್ಲಿ ಆಗುದಿಲ್ವಾ?"

"ಅಲ್ಲಿ ಹೊಸ ನಮೂನೆಯದ್ದು ಒಂದು ಉಂಟಂತೆ."

ಬಸ್ಸಿನಲ್ಲಿ ತಲಪಾಡಿ ದಾಟುವವರೆಗೂ ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಮ್ಮು ಕೇಳಲೂ ಇಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂದು ಅವಳಿಗೆ ಭಯವಾಗಿತ್ತು.

ಹನ್ನೊಂದು ವರ್ಷದ ಮಗಳು ಮೋಕ್ಷಿತಾಳನ್ನು ಗುಲಾಬಿಯ ಮನೆಯಲ್ಲಿ ಬಿಟ್ಟು, ಬೆಳಗಿನ ರೈಲಿಗೆ ಗಂಡ ಹೆಂಡತಿ ದಕ್ಷಿಣಕ್ಕೆ ಹೊರಟರು. ಮಧ್ಯಾಹ್ನ ದಾಟಿ ಇಳಿದ ಊರಿನಲ್ಲಿ ಗೋಡೆಯ ಮೇಲೆ, ಬಾಗಿಲ ಮೇಲೆ, ಚೀಟಿಯ ಮೇಲೆ ಎಲ್ಲ ಕಡೆ ಮಲಯಾಳದ ದುಂಡಗಿನ ಅಕ್ಷರ. ಅಮ್ಮು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು. ಮಲಯಾಳ ಮಾತು ಅರ್ಥವಾಗುತ್ತಿತ್ತು, ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಆಡಲೂ ಬರುತ್ತಿತ್ತು. ಓದಲು ಬರುತ್ತಿರಲಿಲ್ಲ. ಉಗ್ಗಪ್ಪನಿಗೆ ಅದೂ ಇಲ್ಲ.

ಎಲುಬಿನ ವಿಭಾಗದ ಡಾಕ್ಟರ್ ಪ್ರಸೀದಾ ನಲವತ್ತರ ಹೆಂಗಸು, ಕನ್ನಡಕ ತಲೆಗೇರಿಸಿ ಮಾತಾಡುವವರು. ಅವರು ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿ, ಟ್ಯೂಮರ್ ಎಂದರು, ಲೋ ಗ್ರೇಡ್ ಎಂದರು, ಇನ್ನೂ ಏನೇನೋ ಹೇಳಿದರು. ಆಮೇಲೆ ಎದೆಯ ಫೋಟೋ ಬೇಕು ಎಂದು ಚೀಟಿ ಬರೆದರು. ನೋವು ಕಾಲಿನಲ್ಲಿ, ಎದೆಯ ಫೋಟೋ ಎಂತಕ್ಕೆ? ಕೇಳಬೇಕೆಂದುಕೊಂಡ ಅಮ್ಮುವಿಗೆ ಮಲಯಾಳದಲ್ಲಿ ಮಾತು ಕೂಡಿಬರಲಿಲ್ಲ.

ಮರುದಿನ ನರ್ಸ್ ನಾಲ್ಕು ಹಾಳೆಯ ಒಂದು ಕಾಗದ ತಂದುಕೊಟ್ಟು, ಓದಿ ಸಹಿ ಹಾಕಿ ಎಂದು ಹೋದಳು. ಅಮ್ಮು ಅದನ್ನು ತಿರುಗಿಸಿ ನೋಡಿದಳು, ಉಗ್ಗಪ್ಪ ತಿರುಗಿಸಿ ನೋಡಿದ. ಅದೇ ವರಾಂಡದ ಬೆಂಚಿನಲ್ಲಿ ಬಲಗೈಯನ್ನು ಬಟ್ಟೆಯ ತೊಟ್ಟಿಲಿನಲ್ಲಿ ತೂಗಿಹಾಕಿಕೊಂಡ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಅವರು ತುಳುವಿನಲ್ಲಿ ಏನೋ ಹೇಳಿದ್ದು ಕಿವಿಗೆ ಬಿದ್ದು ಅಮ್ಮು ತಟ್ಟನೆ ತಲೆಯೆತ್ತಿದಳು. ಅಷ್ಟು ದೂರದಲ್ಲಿ ತನ್ನ ಮನೆಮಾತು ಕೇಳಿದ್ದಕ್ಕೆ ಕಣ್ಣು ತುಂಬಿತು.

ಅವರ ಹೆಸರು ಪುರುಷೋತ್ತಮ. ದೇಲಂಪಾಡಿಯವರು, ವಿಲ್ಲೇಜ್ ಆಫೀಸಿನಲ್ಲಿ ಕ್ಲರ್ಕ್. ಸರಕಾರದ ಮಲಯಾಳ ಓದಿ ಜನರಿಗೆ ಕನ್ನಡದಲ್ಲಿ ತಿಳಿಸುವುದು ಇಪ್ಪತ್ತು ವರ್ಷದಿಂದ ಅವರ ದಿನದ ಕೆಲಸ. ಹೆಂಡತಿ ಮನೋರಮಾ. ಪುರುಷೋತ್ತಮರಿಗೆ ರೋಗ ಭುಜದ ಕೆಳಗಿನ ಎಲುಬಿನಲ್ಲಿ. ಅಮ್ಮುವಿನದ್ದೇ ಜಾತಿಯದ್ದು, ಅವರಿಗೂ ಅದೇ ಕಾಗದ ಕೊಟ್ಟಿದ್ದರು.

"ಕೊಡಿ ಅಕ್ಕ, ನಾನು ಓದ್ತೇನೆ," ಎಂದು ಅವರು ಎಡಗೈಯಲ್ಲಿ ಕಾಗದ ತೆಗೆದುಕೊಂಡರು. "ಇದು ಸಮ್ಮತಪತ್ರ. ಅಂದ್ರೆ ಒಪ್ಪಿಗೆ." ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಒಂದು ಕಡೆ ನಿಲ್ಲಿಸಿ, ಒಂದು ಶಬ್ದ ನುಂಗಿಕೊಂಡು ಮುಂದಿನ ಸಾಲಿಗೆ ಹಾರಿದರು. ಅಮ್ಮುವಿಗೆ ಅದು ಕೇಳಿಯಾಗಿತ್ತು.

"ಅದೆಂತದು? ಅದ್ಭುತ ಅಂದ್ರಾ?"

ಪುರುಷೋತ್ತಮ ಉಗ್ಗಪ್ಪನ ಮುಖ ನೋಡಿದರು. ಉಗ್ಗಪ್ಪ ನೆಲ ನೋಡಿದ.

"ಅದ್ಭುತ ಅಲ್ಲ ಅಕ್ಕ. ಅರ್ಬುದ. ಇಲ್ಲಿಯವರು ಬರೆಯುವಾಗ ಹಾಗೆ ಬರೀತಾರೆ. ಕ್ಯಾನ್ಸರ್."

ವರಾಂಡದ ಇನ್ನೊಂದು ತುದಿಯಲ್ಲಿ ಯಾರೋ ಸ್ಟೀಲಿನ ತಟ್ಟೆ ಬೀಳಿಸಿದರು. ಅಮ್ಮುವಿಗೆ ಆ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

"ನಿಮಗೆ ಗೊತ್ತಿತ್ತಾ?" ಎಂದು ಅವಳು ಗಂಡನನ್ನು ಕೇಳಿದಳು.

"ಹ್ಞೂಂ."

"ಮಂಗಳೂರಿನಲ್ಲೇ?"

"ನನ್ನ ಬಾಯಿಗೆ ಬರ್ಲಿಲ್ಲ ಅಮ್ಮು."

ಅವಳು ಸಹಿ ಹಾಕಲಿಲ್ಲ. ಕಾಗದ ಓದಲು ಬಾರದವರು ಎಂದು ತಿಳಿದ ಡಾಕ್ಟರ್ ಪ್ರಸೀದಾ ಸಂಜೆ ತಾವೇ ಬಂದು ಬೆಂಚಿನ ಮೇಲೆ ಕೂತರು, ಪುರುಷೋತ್ತಮರನ್ನು ನಡುವೆ ಕೂರಿಸಿಕೊಂಡು ಮೊದಲಿನಿಂದ ಹೇಳಿದರು. ದಾರಿ ಎರಡು. ಒಂದು, ಮೊಣಕಾಲಿನ ಭಾಗವನ್ನೇ ಕತ್ತರಿಸಿ ತೆಗೆದು ಲೋಹದ ಕೀಲು ಕೂರಿಸುವುದು. ರೋಗ ಉಳಿಯುವ ಸಂಭವ ಕಡಿಮೆ. ನಡೆಯಬಹುದು, ಮರದ ಕೆಲಸ ಮಾತ್ರ ಇನ್ನಿಲ್ಲ. ಇನ್ನೊಂದು ಹೊಸದು.

ಪುರುಷೋತ್ತಮ ಕೇಳಿಕೊಂಡು ಕನ್ನಡಕ್ಕೆ ತಂದರು. "ಅವರು ಹೇಳುವುದು ಹೀಗೆ. ಎಲುಬನ್ನು ಕೊರೆದು ಒಳಗಿನ ಗಡ್ಡೆಯನ್ನು ಕೆರೆದು ತೆಗೀತಾರೆ. ಆಗ ಒಳಗೆ ಪೊಟರೆ ಆಗ್ತದೆ. ಅದಕ್ಕೆ ಒಂದು ಜಾತಿ ಹರಳು ತುಂಬಿಸ್ತಾರೆ. ಎಲುಬಿನಲ್ಲಿರುವ ಸುಣ್ಣದ ಅಂಶವೇ ಅದರಲ್ಲಿಯೂ ಇರುವುದಂತೆ. ಹರಳಿನಲ್ಲಿ ಕಣ್ಣಿಗೆ ಕಾಣದ ತೂತುಗಳು, ತೂತಿನಲ್ಲಿ ಮದ್ದು. ಮದ್ದು ಸ್ವಲ್ಪ ಸ್ವಲ್ಪವೇ ಹೊರಗೆ ಬಂದು ಉಳಿದ ಕೆಟ್ಟ ಕಣಗಳನ್ನು ಕೊಲ್ಲಬೇಕು. ಖಾಲಿಯಾದ ತೂತಿಗೆ ನಮ್ಮದೇ ಎಲುಬು ಬೆಳೆದು ಬರಬೇಕು. ಬರ್ತಾ ಬರ್ತಾ ಹರಳು ಕರಗಬೇಕು."

"ಬೇಕು ಅಂತ ಹೇಳ್ತಾರಾ, ಆಗ್ತದೆ ಅಂತ ಹೇಳ್ತಾರಾ?"

ಪುರುಷೋತ್ತಮ ಅದನ್ನು ಹಾಗೆಯೇ ಮಲಯಾಳದಲ್ಲಿ ಕೇಳಿದರು. ಡಾಕ್ಟರ್ ಹೇಳಿದ್ದನ್ನು ಕೇಳಿಕೊಂಡು ಮತ್ತೆ ಅಮ್ಮುವಿನ ಕಡೆ ತಿರುಗಿದರು.

"ಬೇಕು ಅಂತಲೇ ಹೇಳಿದ್ದಂತೆ. ಈ ಮದ್ದಿನ ಹರಳು ಇದುವರೆಗೆ ಹಾಕಿದ್ದು ಹದಿನೇಳು ಜನರಿಗೆ ಮಾತ್ರ. ಮೂರು ವರ್ಷ ಆಯ್ತು ಶುರು ಮಾಡಿ. ಮುಂದೆಂತ ಅಂತ ಅವರಿಗೂ ಪೂರ್ತಿ ಗೊತ್ತಿಲ್ಲ. ನಿಮ್ಮ ರೋಗ ನಿಧಾನದ ಜಾತಿ, ಹಾಗಾಗಿ ಎರಡರಲ್ಲಿ ಯಾವುದಾದರೂ ತಪ್ಪಲ್ಲ ಅಂತ ಹೇಳ್ತಾರೆ."

ಡಾಕ್ಟರ್ ಕಿಸೆಯಿಂದ ಒಂದು ಸಣ್ಣ ಶೀಶೆ ತೆಗೆದು ಕೊಟ್ಟರು. ಒಳಗೆ ಬಿಳಿಯ ಹರಳು, ಬೆಳ್ತಿಗೆ ಅಕ್ಕಿಯ ನುಚ್ಚಿನ ಹಾಗೆ. ಅಮ್ಮು ಅಲುಗಿಸಿದಳು. ಸಣ್ಣಗೆ ಸದ್ದಾಯಿತು.

ಉಗ್ಗಪ್ಪ ಅವತ್ತು ಅವನ ಮಟ್ಟಿಗೆ ಬಹಳ ಮಾತಾಡಿದ. "ಲೋಹದ್ದೇ ಹಾಕಿಸುವಾ. ನೀನು ಮರ ಹತ್ತದಿದ್ರೆ ಯಾರಿಗೆ ಎಂತ? ಮನೆಯಲ್ಲಿ ಇರು. ಬೇಕಾದ್ರೆ ಬೀಡಿ ಉಂಟು." ಅವನು ಬೀಡಿ ಎಂದದ್ದೇ ಅಮ್ಮುವಿನ ಮನಸ್ಸು ಹರಳಿನ ಕಡೆಗೆ ವಾಲಿತು. ಅದು ಬುದ್ಧಿವಂತಿಕೆಯೋ ಹಟವೋ ಎಂದು ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಪುರುಷೋತ್ತಮ ಎಡಗೈಯಲ್ಲಿ ಸಹಿ ಎಳೆದರು. ಅವರ ನಂತರ ಅಮ್ಮು ಕನ್ನಡದಲ್ಲಿ ತನ್ನ ಹೆಸರು ಬರೆದಳು.

ಶಸ್ತ್ರಚಿಕಿತ್ಸೆ ಅಕ್ಟೋಬರದಲ್ಲಿ ಆಯಿತು. ಮೂರು ತಿಂಗಳು ಬಲಗಾಲನ್ನು ನೆಲಕ್ಕೆ ಊರಬಾರದು ಎಂದು ಕಟ್ಟಪ್ಪಣೆ. ಅಮ್ಮು ಎರಡು ಊರುಗೋಲಿನಲ್ಲಿ ಮನೆಗೆ ಬಂದಳು. ಬಚ್ಚಲಿಗೆ ಹೋಗುವುದೂ ಒಂದು ಯಾತ್ರೆಯಾಯಿತು. ನೋವು ಹೋಗಿತ್ತು. ಅದರ ಜಾಗದಲ್ಲಿ ಬೇರೊಂದು ಬಂದು ಕೂತಿತು.

ಊರುಗೋಲಿನಲ್ಲಿ ಮೈ ತೂಗುವಾಗಲೆಲ್ಲ ಕಾಲಿನೊಳಗೆ ಶೀಶೆಯ ಸದ್ದು ಕೇಳಿದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಸರ್ ಸರ್ ಎಂದು ಹರಳು ಒಂದು ಬದಿಯಿಂದ ಇನ್ನೊಂದಕ್ಕೆ ಹೊರಳಿದ ಹಾಗೆ. ಕೂತಲ್ಲೇ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಹರಳು ಹರಳಾಗಿಯೇ ಉಳಿದಿದ್ದರೆ? ಪೊಟರೆ ತುಂಬದಿದ್ದರೆ? ಕೆಟ್ಟ ಕಣ ಒಂದೇ ಒಂದು, ಮದ್ದಿಗೆ ಸಿಗದೆ, ಹರಳಿನ ಸಂದಿಯಲ್ಲಿ ಅಡಗಿ ಕೂತಿದ್ದರೆ? ಒಂದು ಭಾನುವಾರ ಮಗಳನ್ನು ಕರೆದು ಕಾಲಿಗೆ ಕಿವಿಯಿಟ್ಟು ಕೇಳಲು ಹೇಳಿದಳು.

ಮೋಕ್ಷಿತಾ ಗಾಯದ ಗುರುತಿನ ಮೇಲೆ ಕೆನ್ನೆ ಊರಿ ಕಣ್ಣು ಮುಚ್ಚಿ ಕೇಳಿದಳು. "ಎಂತದೂ ಇಲ್ಲ ಅಮ್ಮ."

"ಸರಿ ಕೇಳು. ನಾನು ಅಲುಗಿಸ್ತೇನೆ."

"ಇಲ್ಲ ಅಮ್ಮ. ನೀವು ಉಸಿರು ಬಿಡುವುದು ಮಾತ್ರ ಕೇಳ್ತದೆ."

ಮೂರು ತಿಂಗಳಿಗೊಮ್ಮೆ ರೈಲು, ಕಾಲಿನ ಫೋಟೋ, ಎದೆಯ ಫೋಟೋ. ಎದೆಯದ್ದು ಎಂತಕ್ಕೆ ಎಂದು ಅವಳು ಕೊನೆಗೂ ಕೇಳಿದ್ದಳು. ಈ ರೋಗ ಎಲುಬಿನಿಂದ ಹೊರಟರೆ ಮೊದಲು ಹೋಗುವುದು ಶ್ವಾಸಕೋಶಕ್ಕೆ ಎಂದು ತಿಳಿದ ಮೇಲೆ ಸಾದಾ ನೆಗಡಿಯಾದರೂ ಅವಳು ದಿನ ಎಣಿಸುತ್ತಿದ್ದಳು. ಪರೀಕ್ಷೆಗೆ ಹೋಗುವ ವಾರ ಊಟ ಸೇರುತ್ತಿರಲಿಲ್ಲ. ಆ ವಾರ ಅವಳು ದೇಲಂಪಾಡಿಗೆ ಫೋನು ಮಾಡುತ್ತಿದ್ದಳು, ಇಲ್ಲವೇ ಪುರುಷೋತ್ತಮರೇ ಮಾಡುತ್ತಿದ್ದರು. ಒಂದೇ ವಾರದಲ್ಲಿ, ಒಂದೇ ಕೈಯಿಂದ, ಒಂದೇ ಹರಳು ಹಾಕಿಸಿಕೊಂಡವರು. ಬೇರೆ ಯಾರಿಗೂ ಹೇಳಲಾಗದ್ದನ್ನು ಹೇಳಿಕೊಳ್ಳುತ್ತಿದ್ದರು.

"ನಿಮಗೂ ಮುನ್ನಾದಿನ ಹೊಟ್ಟೆ ಕೆಡ್ತದಾ?" ಎಂದು ಅವರು ಒಮ್ಮೆ ಕೇಳಿದರು.

"ಮುನ್ನಾದಿನ ಅಲ್ಲ. ನಾಲ್ಕು ದಿನ ಮೊದಲೇ."

"ಹಾಗಾದ್ರೆ ನಾನು ಪರವಾಗಿಲ್ಲ."

ಮೊದಲ ಫೋಟೋಗಳಲ್ಲಿ ಹರಳು ಬಿಳಿ ಬಿಳಿಯಾಗಿ, ಒಂದೊಂದೂ ಬೇರೆಯಾಗಿ ಕಾಣುತ್ತಿತ್ತು. ವರ್ಷ ತುಂಬುವಾಗ ಅಂಚು ಮಸುಕಾಗಿ ಒಂದಕ್ಕೊಂದು ಕೂಡಿಕೊಂಡ ಹಾಗಿತ್ತು. ಡಾಕ್ಟರ್ ಪ್ರಸೀದಾ ಪೆನ್ನಿನ ತುದಿಯಿಂದ ತೋರಿಸಿ, ಇದು ನಿಮ್ಮ ಎಲುಬು, ಹೊಸದು ಎಂದರು. ಅಮ್ಮು ಊರುಗೋಲು ಬಿಟ್ಟು ಎಂಟು ತಿಂಗಳಾಗಿತ್ತು. ಸಂತೋಷಪಡಬೇಕು ಎಂದು ಅನ್ನಿಸಿತು, ಆಗಲಿಲ್ಲ.

2016ರ ಏಪ್ರಿಲಿನಲ್ಲಿ ಅವಳ ಫೋಟೋದಲ್ಲಿ, ಬಿಳಿಯ ನಡುವೆ, ಹೆಸರುಕಾಳಿನಷ್ಟು ಕಪ್ಪು ಕಂಡಿತು. ಡಾಕ್ಟರ್ ಪ್ರಸೀದಾ ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ಮತ್ತೆ ಸೂಜಿ. ಫಲಿತಾಂಶಕ್ಕೆ ಹನ್ನೊಂದು ದಿನ. ಆ ಹನ್ನೊಂದು ದಿನ ಅಮ್ಮು ಮನೆಯ ಹೊರಗೆ ಬರಲಿಲ್ಲ. ಮಗಳಿಗೆ ಅನ್ನ ಬಾಗಿಸಿ ಗಂಜಿ ಬಸಿಯಲು ಕಲಿಸಿದಳು, ಸೀರೆಗಳನ್ನೆಲ್ಲ ತೆಗೆದು ಮತ್ತೆ ಮಡಚಿಟ್ಟಳು. ಮೋಕ್ಷಿತಾ ಗಂಜಿಯ ಪಾತ್ರೆ ಹಿಡಿದುಕೊಂಡೇ, "ಇದನ್ನೆಲ್ಲ ಈಗ ಎಂತಕ್ಕೆ ಕಲಿಸುದು?" ಎಂದು ಕೇಳಿದಳು. ಮುಚ್ಚಳ ಸರಿ ಹಿಡಿ, ಕೈ ಸುಟ್ಟೀತು ಎಂದಳು ಅಮ್ಮು. ಪುರುಷೋತ್ತಮ ದಿನಾ ಸಂಜೆ ಆಫೀಸು ಬಿಟ್ಟ ಮೇಲೆ ಫೋನು ಮಾಡುತ್ತಿದ್ದರು. ರೋಗದ ಸುದ್ದಿ ಎತ್ತುತ್ತಿರಲಿಲ್ಲ. ಆಫೀಸಿಗೆ ಬಂದವರು, ಕಾಡಿನಿಂದ ಇಳಿದ ಆನೆ, ಮನೋರಮಾ ನೆಟ್ಟ ಅಲಸಂಡೆ ಎಂದು ಹತ್ತು ನಿಮಿಷ ಮಾತಾಡಿ ಇಡುತ್ತಿದ್ದರು. ಅವರ ಕೈಯ ಫೋಟೋ ಆಗ ಎಲ್ಲರದ್ದಕ್ಕಿಂತ ಚೆಂದ ಬಂದಿತ್ತು.

ಕಪ್ಪು ರೋಗವಲ್ಲ ಎಂದು ವರದಿ ಬಂತು. ಆ ಒಂದು ಜಾಗದಲ್ಲಿ ಹರಳು ಬೇಗ ಕರಗಿತ್ತು, ಎಲುಬು ಬರಲು ತಡವಾಗಿತ್ತು. ಆರು ತಿಂಗಳು ಹೋದ ಮೇಲಿನ ಫೋಟೋದಲ್ಲಿ ಅದೂ ತುಂಬಿತು. ಡಾಕ್ಟರ್, ಇನ್ನು ಕೆಲಸಕ್ಕೆ ಹೋಗಬಹುದು, ಮರವನ್ನೂ ಹತ್ತಬಹುದು, ಮೊದಲು ಸಣ್ಣದು ಎಂದರು. ಮನೆಗೆ ಬಂದು ಅಮ್ಮು ಮಾಡಿನ ಅಡಿಯಿಂದ ಮೆಷಿನ್ ಹೊರಗೆ ತೆಗೆದಳು, ತುಕ್ಕು ತಿಕ್ಕಿದಳು, ಎಣ್ಣೆ ಹಾಕಿದಳು, ಮತ್ತೆ ಗೋಣಿಯಲ್ಲಿ ಹಾಕಿ ಅಲ್ಲೇ ಇಟ್ಟಳು. ಗುಲಾಬಿ ಬಂದು ಕರೆದಾಗ ಮುಂದಿನ ವಾರ ಎಂದಳು. ಹಾಗೆ ಎಷ್ಟೋ ವಾರ ಹೇಳಿದಳು. ಹೊಸ ಎಲುಬಿನ ಮೇಲೆ ಇಡೀ ಮೈ ಬಿಡುವುದನ್ನು ನೆನೆದಾಗಲೆಲ್ಲ ಇನ್ನೊಂದು ವಾರ ಮುಂದೆ ಹಾಕಿದಳು.

ಡಿಸೆಂಬರದಲ್ಲಿ ಮನೋರಮಾ ಫೋನು ಮಾಡಿದರು. ಯಾವಾಗಲೂ ಮಾತಾಡುತ್ತಿದ್ದವರು ಪುರುಷೋತ್ತಮ. ಹೆಂಗಸಿನ ದನಿ ಕೇಳಿದ ಕೂಡಲೇ ಅಮ್ಮು ಫೋನು ಹಿಡಿದುಕೊಂಡು ಜಗಲಿಗೆ ಬಂದಳು.

"ಇವರಿಗೆ ಪುನಃ ಬಂದಿದೆ ಅಮ್ಮಕ್ಕ. ಅದೇ ಕೈಗೆ."

"ಎಲುಬು ಬೆಳೆದಿತ್ತಲ್ಲ?"

"ಬೆಳೆದಿತ್ತು. ಚೆಂದ ಬೆಳೆದಿತ್ತು ಅಂತಲೇ ಡಾಕ್ಟರು ಹೇಳ್ತಾರೆ. ಅದರ ಬದಿಯಲ್ಲಿ ಇದೂ ಬೆಳೆದಿದೆ."

ಅಮ್ಮು ಏನು ಹೇಳಿದಳೆಂದು ಅವಳಿಗೇ ನೆನಪಿಲ್ಲ. ಏನೋ ಒಂದು ಹೇಳಿ ಫೋನಿಟ್ಟಳು. ಮರುದಿನ ಪುರುಷೋತ್ತಮರ ಹೆಸರು ಫೋನಿನಲ್ಲಿ ಮಿನುಗಿತು. ಅವಳು ನೋಡುತ್ತ ಕೂತಳು, ಎತ್ತಲಿಲ್ಲ. ಮೂರನೆಯ ದಿನವೂ ಎತ್ತಲಿಲ್ಲ. ಅವರ ದನಿ ಕೇಳಿದರೆ ಅದು ತನ್ನ ಕಾಲಿಗೂ ದಾರಿ ಕಂಡುಕೊಂಡು ಬಂದುಬಿಡುತ್ತದೆ ಎನ್ನುವ ಹಾಗಿತ್ತು. ಹಾಗಲ್ಲವೆಂದು ಅವಳಿಗೆ ಗೊತ್ತಿತ್ತು. ಹನ್ನೊಂದು ದಿನ, ಒಂದು ಸಂಜೆಯೂ ತಪ್ಪದೆ, ತನಗೆ ಫೋನು ಮಾಡಿದವರು ಅವರು ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಫೋನನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಕೆಲವು ದಿನಗಳಲ್ಲಿ ಕರೆ ನಿಂತಿತು.

ಉಗ್ಗಪ್ಪ ಇದನ್ನು ನೋಡುತ್ತಿದ್ದ. ಮರುವರ್ಷದ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡದೆ ಜಗಲಿಯಲ್ಲಿ ಅಂಗಿ ಹಾಕಿ ಕೂತ. "ಹೊರಡು. ದೇಲಂಪಾಡಿಗೆ ಹೋಗುವಾ."

"ನನಗೆ ಹೆದರಿಕೆ ಆಗ್ತದೆ."

"ನಾನು ಮಂಗಳೂರಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಅದೂ ಹೆದರಿಯೇ. ಆ ಮನುಷ್ಯ ಇಲ್ಲದಿದ್ರೆ ನಿನಗೆ ಯಾರು ಹೇಳ್ತಿದ್ರು?"

ಕುಂಬಳೆಗೆ ಬಸ್ಸು, ಅಲ್ಲಿಂದ ಮುಳ್ಳೇರಿಯಕ್ಕೆ, ಮುಂದೆ ಜೀಪು. ಪುರುಷೋತ್ತಮರ ಮನೆ ಇಳಿಜಾರಿನಲ್ಲಿ. ಕೆಳಗೆ ರಬ್ಬರು, ಆಚೆಗೆ ಕಾಡು. ಅವರು ಜಗಲಿಯಲ್ಲಿ ಮೇಜಿನ ಮುಂದೆ ಕೂತು ಯಾರದ್ದೋ ಅರ್ಜಿ ಬರೆಯುತ್ತಿದ್ದರು. ಬರೆಯುತ್ತಿದ್ದುದು ಬಲಗೈಯಲ್ಲೇ. ಭುಜದಿಂದ ಅರ್ಧ ಎಲುಬು ತೆಗೆದು ಲೋಹದ್ದು ಕೂರಿಸಿದ್ದರು. ಕೈ ಉಳಿದಿತ್ತು, ಭುಜಕ್ಕಿಂತ ಮೇಲೇಳುತ್ತಿರಲಿಲ್ಲ.

ಅಮ್ಮು ಮೆಟ್ಟಿಲ ಕೆಳಗೇ ನಿಂತಳು. "ನಾನು ಫೋನು ಎತ್ತಲಿಲ್ಲ," ಎಂದಳು. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದ ಬೇರೆ ಮಾತೆಲ್ಲ ಹಾರಿಹೋಗಿತ್ತು.

"ನಿಮ್ಮ ಕಪ್ಪು ಕಲೆ ಬಂದಾಗ ನನಗೂ ಫೋನು ಮಾಡುವುದು ಬೇಡ ಅಂತ ಕಂಡದ್ದುಂಟು. ಕೂತುಕೊಳ್ಳಿ," ಎಂದರು ಪುರುಷೋತ್ತಮ. "ತಲೆ ಬಾಚಲಿಕ್ಕೆ ಇವಳು ಬೇಕು. ಅಂಗಿ ಹಾಕಲಿಕ್ಕೆ ಇವಳು ಬೇಕು. ಸಹಿ ಹಾಕಲಿಕ್ಕೆ ಆಗ್ತದೆ. ಸರಕಾರಕ್ಕೆ ಅಷ್ಟು ಸಾಕು."

ಮನೋರಮಾ ಎಳನೀರಿನ ಬೊಂಡ ಕೊಡೋಣವೆಂದರೆ ತೆಗೆಯುವವರಿಲ್ಲ, ಕಾಯಿ ಒಣಗಿ ತಾನಾಗಿ ಬೀಳುತ್ತಿದೆ, ಅಂಗಳಕ್ಕೆ ಇಳಿಯಲೂ ಭಯ ಎಂದು ಚಹಾ ತಂದಿಟ್ಟರು. ಪುರುಷೋತ್ತಮ ಅಮ್ಮುವಿನ ಕಾಲು ನೋಡಿದರು.

"ಮರ ಹತ್ತಿದಿರಾ?"

"ಇಲ್ಲ."

"ಡಾಕ್ಟರು ಬೇಡ ಅಂದ್ರಾ?"

"ಹತ್ತಬಹುದು ಅಂದಿದ್ದಾರೆ. ಆರು ತಿಂಗಳಾಯ್ತು."

ಅವರು ಮುಂದೇನೂ ಹೇಳಲಿಲ್ಲ. ಹೇಳಿದ್ದರೆ ಅಮ್ಮುವಿಗೆ ಸುಲಭವಾಗುತ್ತಿತ್ತು. ಕಾಲು ಉಳಿಸಿಕೊಂಡವಳು ತಾನು, ಕೇಳುತ್ತಿರುವವರು ಕೈ ಎತ್ತಲಾಗದವರು. ಅವಳು ಚಹಾ ಪೂರ್ತಿ ಕುಡಿಯದೆ ಎದ್ದು, ಬರುವ ಶನಿವಾರ ಬರುತ್ತೇನೆ ಎಂದಳು.

ಶನಿವಾರ ಗುಲಾಬಿಯ ಜೊತೆ ಮೆಷಿನ್ ಹೊತ್ತುಕೊಂಡು ಹೋದಳು. ಉಗ್ಗಪ್ಪನೂ ಬಂದ. ಮನೆಯ ಬದಿಯ ಮರಗಳಲ್ಲಿ ಅತಿ ಗಿಡ್ಡದ್ದನ್ನು ಗುಲಾಬಿ ಆರಿಸಿದಳು. ಅಮ್ಮು ಹಗ್ಗ ಸುತ್ತಿದಳು, ಕೊಕ್ಕೆ ಎರಡೆರಡು ಸಲ ಎಳೆದು ನೋಡಿದಳು. ಎಡಗಾಲನ್ನು ಮೆಟ್ಟಿನ ಮೇಲಿಟ್ಟಳು. ಬಲಗಾಲಿಟ್ಟು ಭಾರ ಬಿಡಬೇಕಾದಾಗ ನಿಂತುಬಿಟ್ಟಳು. ಎಲುಬಿನೊಳಗೆ ಆ ಬಿಳಿಯ ನುಚ್ಚು ಎಲ್ಲ ಒಮ್ಮೆಗೆ ಕುಸಿಯುವುದು ಅವಳ ಕಣ್ಣಿಗೆ ಕಟ್ಟಿತು.

"ಬೇಡ ಅಂದ್ರೆ ಇಳಿ ಮಾರಾಯ್ತಿ. ಯಾರೂ ಎಂತ ಹೇಳುದಿಲ್ಲ," ಎಂದಳು ಗುಲಾಬಿ.

ಅಮ್ಮು ಭಾರ ಬಿಟ್ಟಳು. ಹಗ್ಗ ಮರವನ್ನು ಕಚ್ಚಿತು. ಕಾಲು ನಿಂತಿತು. ಎಡದ್ದನ್ನು ಎತ್ತಿದಳು, ಬಲದ್ದನ್ನು ಎತ್ತಿದಳು. ಪ್ರತಿ ಸಲವೂ ಇದೇ ಕೊನೆಯದು ಎಂದುಕೊಳ್ಳುತ್ತ, ಇಳಿದುಬಿಡುತ್ತೇನೆ ಎಂದುಕೊಳ್ಳುತ್ತ ಮೇಲೆ ಹೋದಳು. ಇಪ್ಪತ್ತು ಮೆಟ್ಟಾದ ಮೇಲೆ ಕೆಳಗೆ ನೋಡಿದರೆ ಪುರುಷೋತ್ತಮ, ಮನೋರಮಾ, ಗುಲಾಬಿ ಕಾಯಿ ಬೀಳದಷ್ಟು ದೂರ ಸರಿದು ನಿಂತಿದ್ದರು. ಉಗ್ಗಪ್ಪ ಮಾತ್ರ ಬುಡದಲ್ಲೇ ಎರಡು ಕೈಯಲ್ಲೂ ಮರವನ್ನು ಹಿಡಿದು ನಿಂತಿದ್ದ, ಅವನು ಹಿಡಿದರೆ ಮರ ಗಟ್ಟಿಯಾಗುತ್ತದೆ ಎನ್ನುವ ಹಾಗೆ. ದೂರ ಹೋಗಿ ಎಂದು ಅಮ್ಮು ಮೂರು ಸಲ ಕೂಗಬೇಕಾಯಿತು. ಎರಡು ಗೊನೆ ಕಡಿದಳು. ಕೆಳಗೆ ಬಂದು ಮೆಷಿನ್ನಿನಿಂದ ಕಾಲು ತೆಗೆದಾಗ ಎರಡೂ ಕಾಲು ಒಂದೇ ಸಮ ನಡುಗುತ್ತಿದ್ದವು, ಹಳೆಯದು ಯಾವುದು ಹೊಸದು ಯಾವುದು ಎಂದು ತಿಳಿಯದಷ್ಟು. ಅಂಗಳದಲ್ಲೇ ಕೂತು 'ಇನ್ನು ಆಗುದಿಲ್ಲ ಇವತ್ತು' ಎಂದಳು. ಉಳಿದ ಮರಗಳನ್ನು ಗುಲಾಬಿ ಹತ್ತಿದಳು.

ಅಲ್ಲಿಂದ ಮೆಲ್ಲ ಮೆಲ್ಲ ಕೆಲಸ ಶುರುವಾಯಿತು. ದಿನಕ್ಕೆ ಎರಡು ಮರ, ಆಮೇಲೆ ಐದು. ಮೊದಲಿನ ಹಾಗೆ ದಿನಕ್ಕೆ ಮೂವತ್ತು ಅವಳು ಮತ್ತೆಂದೂ ಹತ್ತಲಿಲ್ಲ. ಪ್ರತಿ ಮರದ ಬುಡದಲ್ಲೂ ಬಲಗಾಲಿಗೆ ಭಾರ ಬಿಡುವ ಮುಂಚೆ ಒಂದು ಕ್ಷಣ ನಿಲ್ಲುತ್ತಿದ್ದಳು. ಹೊಸದಾಗಿ ಕಲಿಯಲು ಬಂದ ಹೆಂಗಸರು ಅದೂ ಒಂದು ಕ್ರಮವೆಂದುಕೊಂಡು ತಾವೂ ಹಾಗೆಯೇ ನಿಂತು ಹತ್ತುತ್ತಿದ್ದರು. ದೇಲಂಪಾಡಿಯ ಫೋನು ಬಂದರೆ ಎರಡನೆಯ ರಿಂಗಿಗೇ ಎತ್ತುತ್ತಿದ್ದಳು. ಪುರುಷೋತ್ತಮರ ಎದೆಯ ಫೋಟೋದಲ್ಲಿ 2018ರಲ್ಲಿ ಒಂದು ಚುಕ್ಕೆ ಕಂಡು ಎರಡು ತಿಂಗಳು ಎರಡೂ ಮನೆಗಳು ಉಸಿರು ಹಿಡಿದುಕೊಂಡಿದ್ದವು. ಹಳೆಯ ಕಫದ ಗುರುತು ಎಂದು ತಿಳಿಯಿತು. ಆ ಸಲ ಅಮ್ಮು ಮುಂಚಿನ ಹಾಗೆ ಅಕ್ಕಿ ಡಬ್ಬಿಯ ಕಡೆ ನೋಡಲಿಲ್ಲ. ರೈಲಿನಲ್ಲಿ ಅವರ ಜೊತೆಗೇ ಹೋಗಿದ್ದಳು.

2019ರ ಅಕ್ಟೋಬರದಲ್ಲಿ ಐದು ವರ್ಷ ತುಂಬಿತು. ಡಾಕ್ಟರ್ ಪ್ರಸೀದಾರ ತಲೆಯಲ್ಲಿ ನರೆ ಬಂದಿತ್ತು. ಅವರು ಮೊದಲ ಫೋಟೋವನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಈಗಿನದರಲ್ಲಿ ಹರಳು ಹುಡುಕಿದರೂ ಕಾಣಲಿಲ್ಲ. ಎಲುಬಿನ ಗೆರೆ ಮಾತ್ರ ಇತ್ತು, ಒಂದು ಬದಿ ತುಸು ದಪ್ಪ. ಜೊತೆಗೆ ಬಂದಿದ್ದ ಮೋಕ್ಷಿತಾ ಈಗ ಪ್ಲಸ್ ಟು ಓದುತ್ತಿದ್ದವಳು, ವರದಿಯ ಇಂಗ್ಲಿಷನ್ನು ಅಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತ ಹೋದಳು.

"ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು," ಎಂದರು ಡಾಕ್ಟರ್.

ಅಮ್ಮು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಇಷ್ಟು ವರ್ಷ ಈ ಊರಿಗೆ ಬಂದು ಬಂದು ಅವಳ ಮಲಯಾಳ ಸುಧಾರಿಸಿತ್ತು. ಮಗಳಿಗೆ ಬಿಡದೆ ತಾನೇ ಕೇಳಿದಳು. "ಆರು ತಿಂಗಳಿಗೆ ಬರಬಹುದಾ ಡಾಕ್ಟರೇ?"

"ಅಗತ್ಯ ಇಲ್ಲ. ಎಲ್ಲ ಸರಿಯಾಗಿದೆ."

"ಗೊತ್ತುಂಟು. ಆದರೂ ಬರ್ತೇನೆ."

ಡಾಕ್ಟರ್ ವಾದ ಮಾಡಲಿಲ್ಲ. ಚೀಟಿಯಲ್ಲಿ ಬರೆದಿದ್ದ ಅಕ್ಟೋಬರನ್ನು ಹೊಡೆದುಹಾಕಿ ಏಪ್ರಿಲ್ ಎಂದು ಬರೆದು ಕೊಟ್ಟರು. ಅಮ್ಮು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು, ರೈಲಿಗೆ ಇನ್ನೂ ಹೊತ್ತಿದೆ, ಊಟ ಮಾಡಿಯೇ ಹೋಗೋಣ ಎಂದು ಮಗಳನ್ನು ಕರೆದುಕೊಂಡು ಹೊರಗೆ ಬಂದಳು.